ಹದಿನಾಲ್ಕನೇ ಹೆಸರು

ಕಾಫಲ್‌ಬೋಟ್
ಬೈಶಾಖ್ 12, ವಿಕ್ರಮ ಸಂವತ್ 2052

ಪೂಜ್ಯ ಹೀರಾಶೋಭಾ ಗುರುಮಾ ಅವರಿಗೆ ರೂಪ್‌ಸರಾ ಆಲೆ ಮಾಡುವ ನಮಸ್ಕಾರ.

ಇಲ್ಲಿ ನಾನು ಆರಾಮವಾಗಿದ್ದೇನೆ. ತಾನ್ಸೇನ್‌ನಲ್ಲಿ ತಾವೂ ಆರಾಮವಾಗಿದ್ದೀರಿ ಎಂದು ನಂಬಿದ್ದೇನೆ.

ಬದಲಿ ಶಿಕ್ಷಕಿಯರ ತರಬೇತಿ ಮುಗಿದ ದಿನ ನೀವು ನಮ್ಮ ಹದಿಮೂರು ಜನಕ್ಕೂ ಹೇಳಿದ್ದಿರಿ: “ಶಾಲೆಗೆ ಸೇರಿದ ಮೇಲೆ ಕಾಗದ ಬರೀರಿ. ಬರೀದಿದ್ರೆ ನಾನೇ ಗುಡ್ಡ ಹತ್ತಿ ಬರ್ತೀನಿ.” ನಿಮ್ಮ ಮೊಣಕಾಲು ನೋವು ನೆನಪಾಗಿ ಬರೆಯುತ್ತಿದ್ದೇನೆ.

ಬಿಂದಾ ಮಿಸ್ ಹೆರಿಗೆ ರಜೆಗೆ ಹೋದರು. ಭಾನುವಾರ, ಹತ್ತನೇ ತಾರೀಕು, ಅವರ ಮೂರನೇ ತರಗತಿಗೆ ನಾನು ಸೇರಿದೆ. ಎರಡು ತಿಂಗಳು ನನ್ನದು. ಬಾವಿಕಟ್ಟೆಯ ಹೆಂಗಸರು ನನಗಾಗಲೇ ಹೆಸರಿಟ್ಟಿದ್ದಾರೆ. “ನೋಡ್ರೇ, ಖೇತಾಲಾ ಮಿಸ್ ಬಂದ್ಲು!” ಪರರ ಹೊಲದಲ್ಲಿ ಕೂಲಿ ಮಾಡುವವರನ್ನು ನಾವು ಕರೆಯುವುದು ಹಾಗೆ ತಾನೆ. ನಾನು ನಕ್ಕು ಬಿಂದಿಗೆ ಎತ್ತಿಕೊಂಡು ಬಂದೆ.

ನೀವು ಕೊಟ್ಟ ಬಟ್ಟೆಚೀಲ ಕೆಲಸಕ್ಕೆ ಬಂದಿದೆ. ಅದರಲ್ಲಿದ್ದ ಮೂವತ್ತು ಕಲ್ಲುಗಳಿಂದ ಕೂಡಿಸುವ ಲೆಕ್ಕ ಮಾಡಿಸಿದೆ. ಕೆಂಪು ಪೆನ್ನನ್ನು ನೀವು ಹೇಳಿದ ಹಾಗೆ ಮಕ್ಕಳ ತಪ್ಪು ತಿದ್ದಲು ಮಾತ್ರ ಇಟ್ಟುಕೊಂಡಿದ್ದೇನೆ.

ಹೆಡ್‌ಸರ್ ಟೀಕಾರಾಮ್ ಭುಸಾಲ್ ಹಾಜರಿ ಪುಸ್ತಕ ಕೊಡುತ್ತ, “ಮೂವತ್ತೊಂದು ಹೆಸರಿವೆ. ಇರೋ ಹಾಗೇ ಕರೀರಿ. ಎಲ್ಲರಿಗೂ ಹಾಜರಿ ಹಾಕಿ. ಬಿಂದಾ ಮಿಸ್ ಹಾಗೇ ಮಾಡ್ತಿದ್ರು” ಎಂದರು. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಒಂದು ಅನುಮಾನ ಇದೆ. ಹೆಸರು ಕರೆಯುವಾಗ ಹದಿನಾಲ್ಕರಲ್ಲಿ ನನ್ನ ದನಿ ನಿಂತುಹೋಗುತ್ತದೆ. ಮಿಕ್ಕ ಹೆಸರುಗಳು ಸಲೀಸಾಗಿ ಬರುತ್ತವೆ. ಇದಕ್ಕೆ ಏನು ಮಾಡಬೇಕು ಎಂದು ತರಬೇತಿಯಲ್ಲಿ ಹೇಳಿರಲಿಲ್ಲ.

ನಿಮ್ಮ ಶಿಷ್ಯೆ
ರೂಪ್‌ಸರಾ


ತಾನ್ಸೇನ್
ಬೈಶಾಖ್ 20, 2052

ರೂಪ್‌ಸರಾ ಬಹಿನಿ,

ಹದಿಮೂರು ಜನರಲ್ಲಿ ಮೊದಲ ಕಾಗದ ನಿನ್ನದೇ. ತರಬೇತಿಯ ಹತ್ತು ದಿನ ಬಾಯಿ ಬಿಡದೆ ಮೂಲೆಯಲ್ಲಿ ಕೂತಿದ್ದವಳು ನೀನು. ನನಗೆ ಸಂತೋಷವಾಯಿತು.

ದನಿ ನಿಲ್ಲುವುದು ದೊಡ್ಡ ಕಾಯಿಲೆಯಲ್ಲ. ನನಗೂ ಮೊದಲ ವರ್ಷ ಒಬ್ಬ ಹುಡುಗನ ಹೆಸರು ಬಂದರೆ ನಾಲಿಗೆ ಒಣಗುತ್ತಿತ್ತು. ಅವನು ನನ್ನ ಕುರ್ಚಿಗೆ ತುರಿಕೆಸೊಪ್ಪು ಸವರಿದ್ದ. ನಿನ್ನ ಹದಿನಾಲ್ಕನೆಯದೂ ಅಂಥದೇ ಯಾವುದೋ ಪೋಕರಿ ಇರಬೇಕು. ಹನ್ನೆರಡು ಕರೆದ ಮೇಲೆ ಒಂದು ಗುಟುಕು ನೀರು ಕುಡಿ. ಆ ಮಗುವಿನ ಪಕ್ಕಕ್ಕೆ ಹೋಗಿ ನಿಂತು ಹೆಸರು ಕರೆ. ಹತ್ತಿರ ನಿಂತರೆ ಹೆದರಿಕೆ ಹೋಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಮೊದಲ ದಿನ ಪರಿಚಯ ಮಾಡಿಕೊಳ್ಳುವಾಗ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದೆ. ಮನೆಯಲ್ಲಿ ಮಕ್ಕಳಿಲ್ಲದವರಿಗೆ ಶುರುವಿನಲ್ಲಿ ಹೀಗೆ ಆಗುವುದುಂಟು. ತರಗತಿಯಲ್ಲಿ ಮಕ್ಕಳ ಸದ್ದು ಅಭ್ಯಾಸವಾಗಲಿ.

ನಾನು ಹೇಳಿದ್ದು ಮರೆಯಬೇಡ. ಬದಲಿ ಶಿಕ್ಷಕಿ ಎಂದರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಅಡುಗೆ ಮಾಡುವವಳು. ರುಚಿಯಾಗಿ ಮಾಡು, ಡಬ್ಬಗಳ ಜಾಗ ಬದಲಿಸಬೇಡ.

ಹೀರಾಶೋಭಾ ಶಾಕ್ಯ


ಕಾಫಲ್‌ಬೋಟ್
ಬೈಶಾಖ್ 27, 2052

ಗುರುಮಾ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆಯಬಹುದು.

ಹದಿನಾಲ್ಕನೆಯ ಹೆಸರು ತಿಲ್‌ಕುಮಾರಿ ಆಲೆ. ನನ್ನ ಮಗಳು. ಹೋದ ವರ್ಷ ಭದೌ ಹತ್ತೊಂಬತ್ತರಂದು ವಾಂತಿಭೇದಿಯಿಂದ ಹೋದಳು. ಅವಳನ್ನು ಬೆನ್ನಬುಟ್ಟಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಕಡೆ ಇಳಿಯುತ್ತಿದ್ದೆವು. ದಣಿವಾರಿಸಿಕೊಳ್ಳಲು ಎರಡನೇ ಚೌತಾರಿಯ ಕಟ್ಟೆಯ ಮೇಲೆ, ಅರಳಿಮರದ ಕೆಳಗೆ ಬುಟ್ಟಿ ಇಳಿಸಿದಾಗ ಅವಳ ಅಪ್ಪನ ತಮ್ಮ, “ಅತ್ತಿಗೆ, ಇನ್ನು ಅವಸರ ಬೇಡ” ಎಂದ. ಅವಳಿಗೆ ಎಂಟು ವರ್ಷ. ಎರಡನೇ ತರಗತಿಯಲ್ಲಿದ್ದಳು.

ಗಂಡ ಪಲ್ಟನ್ನಿನಿಂದ ಬಂದು ಹತ್ತು ದಿನ ಇದ್ದು ಡೆಹ್ರಾಡೂನಿಗೆ ಹೋದರು. ಮನೆಯಲ್ಲಿ ಕೂರಲಾಗದೆ ನಿಮ್ಮ ತರಬೇತಿಗೆ ಬಂದೆ. ಬಿಂದಾ ಮಿಸ್ ಬಿಟ್ಟರೆ ಈ ಊರಲ್ಲಿ ಎಸ್.ಎಲ್.ಸಿ. ಪಾಸಾದ ಹೆಂಗಸು ನಾನೊಬ್ಬಳೇ. ಅದೂ ಎರಡನೇ ಸಲಕ್ಕೆ. ನೀವು ಮಕ್ಕಳೆಷ್ಟು ಎಂದು ಕೇಳಿದಾಗ ಒಂದು ಎಂದರೆ, ಎಲ್ಲಿದ್ದಾಳೆ ಎಂದು ಕೇಳುತ್ತೀರಿ. ಅದಕ್ಕೆ ಇಲ್ಲ ಎಂದೆ.

ಅವಳು ಸತ್ತದ್ದು ಎರಡನೇ ತರಗತಿಯಲ್ಲಿ. ಅವಳ ಹೆಸರು ಇರುವುದು ಮೂರನೇ ತರಗತಿಯಲ್ಲಿ. ಅಂದರೆ ಅವಳನ್ನು ಪಾಸು ಮಾಡಿದ್ದಾರೆ. ಬೀರುವಿನಲ್ಲಿ ಅಂಕಪಟ್ಟಿ ಹುಡುಕಿ ನೋಡಿದೆ. ನೇಪಾಳಿಯಲ್ಲಿ ಐವತ್ತೆರಡು. ಗಣಿತದಲ್ಲಿ ನಲವತ್ತೊಂದು.

ನಲವತ್ತೊಂದು! ಹುರಿದ ಜೋಳ ಹಂಚುವಾಗಲೂ ಎಣಿಸಿ ಹಂಚುತ್ತಿದ್ದವಳು ಅವಳು. ಸುಳ್ಳು ಬರೆಯುವಾಗಲೂ ಇಷ್ಟು ಜಿಪುಣತನವೇ? ಆ ಕೋಣೆಯಲ್ಲಿ ಒಬ್ಬಳೇ ನಿಂತು ಮೊದಲು ನನಗೆ ಬಂದ ಸಿಟ್ಟು ಇದೇ, ಗುರುಮಾ.

ನೀವು ಹೇಳಿದಂತೆ ಹನ್ನೆರಡಾದ ಮೇಲೆ ನೀರು ಕುಡಿಯುತ್ತೇನೆ. ಹದಿನಾಲ್ಕನ್ನು ಕರೆಯುತ್ತೇನೆ. ಮಕ್ಕಳೆಲ್ಲ ನನ್ನ ಮುಖ ನೋಡುತ್ತಾರೆ. ಅವರಿಗೆ ಗೊತ್ತು. ಹಾಜರಿಯ ಗುರುತು ಹಾಕುತ್ತೇನೆ. ಹತ್ತಿರ ನಿಲ್ಲು ಎಂದಿರಿ. ಎಲ್ಲಿ ನಿಲ್ಲಲಿ?


ಕಾಫಲ್‌ಬೋಟ್
ಜೇಠ್ 5, 2052

ಗುರುಮಾ,

ಒಂದು ಪ್ರಶ್ನೆಗೆ ಉತ್ತರ ಬೇಕು.

ಪುಸ್ತಕದಲ್ಲಿ ಮೂವತ್ತೊಂದು ಹೆಸರಿವೆ. ಬೆಂಚಿನ ಮೇಲೆ ಇಪ್ಪತ್ತನಾಲ್ಕು ಮಕ್ಕಳಿದ್ದಾರೆ. ಉಳಿದ ಏಳರಲ್ಲಿ ನಾಲ್ವರು ಅಪ್ಪ ಅಮ್ಮನ ಜೊತೆ ಬುಟ್ವಲ್‌ಗೆ ಇಳಿದರು. ಇಬ್ಬರು ಭಾರತಕ್ಕೆ ಹೋದರು. ಒಬ್ಬಳು ತೀರಿಕೊಂಡಿದ್ದಾಳೆ.

ತೀರಿಕೊಂಡ ಮಗುವಿನ ಹೆಸರನ್ನೂ ದಿನಾ ಕರೆದು ಹಾಜರಿ ಹಾಕಬೇಕೆ? ನೀವು ಕಲಿಸಿದ್ದರಲ್ಲಿ ಇದು ಎಲ್ಲಿ ಬರುತ್ತದೆ?

ರೂಪ್‌ಸರಾ


ತಾನ್ಸೇನ್
ಜೇಠ್ 13, 2052

ರೂಪ್‌ಸರಾ ಬಹಿನಿ,

ಈ ಸಲ ನಮಸ್ಕಾರವೂ ಇಲ್ಲ, ಆರಾಮವೂ ಇಲ್ಲ. ನೇರವಾಗಿ ಪ್ರಶ್ನೆ. ಇರಲಿ, ನಾನೂ ನೇರವಾಗಿಯೇ ಹೇಳುತ್ತೇನೆ.

ಪುಸ್ತಕ ಮುಟ್ಟಬೇಡ.

ಮೂರನೇ ತರಗತಿಯಲ್ಲಿ ಮೂವತ್ತಕ್ಕಿಂತ ಕಡಿಮೆಯಾದರೆ ಸರಕಾರ ನಿಮ್ಮ ಶಾಲೆಯ ಮೂರನೇ ಹುದ್ದೆಯನ್ನು ಕಿತ್ತುಕೊಳ್ಳುತ್ತದೆ. ಬಿಂದಾ ಮಿಸ್ ಮಗುವನ್ನೆತ್ತಿಕೊಂಡು ವಾಪಸು ಬರುವಾಗ ಅವಳಿಗೆ ಶಾಲೆಯೇ ಇರುವುದಿಲ್ಲ. ನಿನ್ನ ಇಪ್ಪತ್ತನಾಲ್ಕು ಮಕ್ಕಳು ನದಿ ದಾಟಿ ಆಚೆ ದಂಡೆಯ ಶಾಲೆಗೆ ಹೋಗಬೇಕು. ಹುಡುಗಿಯರು ಹೋಗುವುದಿಲ್ಲ, ಮೇಕೆಯ ಹಿಂದೆ ಹೋಗುತ್ತಾರೆ. ಜಿಲ್ಲಾ ಕಚೇರಿಯಲ್ಲಿದ್ದಾಗ ನಾನೇ ಒಬ್ಬೊಬ್ಬ ಹೆಡ್‌ಸರ್‌ಗೂ ಕಿವಿಯಲ್ಲಿ ಹೇಳಿದ್ದೇನೆ, ತಪಾಸಣೆ ಮುಗಿಯುವವರೆಗೆ ಯಾವ ಹೆಸರನ್ನೂ ಹೊಡೆಯಬೇಡಿ ಎಂದು. ಹನ್ನೊಂದು ಹುದ್ದೆಗಳನ್ನು ಹೀಗೆ ಉಳಿಸಿದ್ದೇನೆ. ನಿಮ್ಮ ಶಾಲೆಯದು ಅದರಲ್ಲೊಂದು. ನನಗೆ ಅದರ ನಾಚಿಕೆಯಿಲ್ಲ.

ಹೆಸರು ಎಂದರೆ ಕಾಗದದ ಮೇಲಿನ ಶಾಯಿ. ಹೋದ ಮಗು ಹೋಯಿತು. ಇರುವವರನ್ನು ನೋಡು. ನೀನು ಎರಡು ತಿಂಗಳಿಗೆ ಬಂದವಳು.

ಹೀರಾಶೋಭಾ


ಕಾಫಲ್‌ಬೋಟ್
ಜೇಠ್ 23, 2052

ಗುರುಮಾ,

ಹೆಸರು ಎಂದರೆ ಶಾಯಿ ಎಂದಿರಿ. ಹದಿನಾಲ್ಕನೇ ಶಾಯಿಯ ಹೆಸರು ತಿಲ್‌ಕುಮಾರಿ ಆಲೆ. ಅವಳನ್ನು ಹೆತ್ತವಳು ನಾನು. ಭದೌ ಹತ್ತೊಂಬತ್ತರಂದು ಮಣ್ಣಿಗೆ ಕೊಟ್ಟವಳೂ ನಾನೇ. ಮಕ್ಕಳಿಲ್ಲ ಎಂದು ನಿಮಗೆ ಸುಳ್ಳು ಹೇಳಿದ್ದೆ.

ಈಗ ಮುಂದಿನದು ಕೇಳಿ. ಗುರುವಾರ, ನಾಡಿದ್ದು, ನಿರೀಕ್ಷಕರು ಬರುತ್ತಾರೆ. ಇವತ್ತು ಬೆಳಿಗ್ಗೆ ಹೆಡ್‌ಸರ್ ಕೆಳಗಿನ ಕಮ್ಮಾರರ ಕೇರಿಯಿಂದ ಏಳು ಮಕ್ಕಳನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿದರು. ಈ ಮಕ್ಕಳು ಎಂದೂ ನಮ್ಮ ಪುಸ್ತಕದಲ್ಲಿಲ್ಲ. ಎರಡು ವರ್ಷದ ಹಿಂದೆ ಇಬ್ಬರು ಬಂದಿದ್ದರು. ಜಗಲಿಯ ಮೇಲೆ ಕೂರಿಸಿದರು. ಮಳೆ ಬಂದಾಗ ಎದ್ದು ಹೋದವರು ಮತ್ತೆ ಬರಲಿಲ್ಲ.

ಹೆಡ್‌ಸರ್ ಏಳು ಚೀಟಿ ಹಂಚಿದರು. ಚೀಟಿಯನ್ನು ಮೇಲಿಂದ ಬೀಳಿಸಿದರು, ಕೈ ತಾಗದ ಹಾಗೆ. ನನಗೆ ಹೇಳಿದರು, “ಎರಡು ದಿನ ಇದೆ. ಯಾರ್ಯಾರು ಯಾವ ಹೆಸರಿಗೆ ಏಳ್ಬೇಕು ಅಂತ ಚೆನ್ನಾಗಿ ಕಲಿಸಿ. ನೀವು ಟ್ರೈನಿಂಗ್ ಆದೋರು. ಬೆಲ್ಲ ಅವಲಕ್ಕಿ ಕೊಡ್ತೀವಿ ಅಂದಿದ್ದೀನಿ.”

ನೀವು ನಮ್ಮನ್ನು ಹತ್ತು ದಿನ ತಯಾರು ಮಾಡಿದಿರಿ. ನನಗೆ ಎರಡು ದಿನ ಕೊಟ್ಟಿದ್ದಾರೆ. ಬದಲಿಯವಳು ಬದಲಿಯವರನ್ನು ತಯಾರು ಮಾಡಬೇಕು.

ಒಬ್ಬ ಹುಡುಗಿ ಮುಂದೆ ಬಂದಳು. ಎಂಟು ವರ್ಷ ಇರಬಹುದು. ಬೆನ್ನು ನೆಟ್ಟಗೆ ಮಾಡಿ, “ತಿಲ್‌ಕುಮಾರಿ ಆಲೆ, ಹಾಜಿರ್ ಮಿಸ್!” ಎಂದಳು.

“ಚೆನ್ನಾಗಿ ಹೇಳ್ದೆನಾ ಮಿಸ್?”

“ಚೆನ್ನಾಗಿ ಹೇಳ್ದೆ. ನಿನ್ನ ಹೆಸರೇನು?”

ಅವಳು ಯೋಚಿಸಿ ಕೇಳಿದಳು, “ಯಾವುದು? ಗುರುವಾರದ್ದಾ?”

ಅವಳ ಹೆಸರು ಕಾಲಿ. ಸಂಜೆ ಅವಳ ಅಪ್ಪನ ಕುಲುಮೆಗೆ ಹೋದೆ. ರಣೆ ದಾಜು ತಿದಿ ಒತ್ತುವುದನ್ನು ನಿಲ್ಲಿಸದೆ ಹೇಳಿದ, “ಏನ್ ಮಿಸ್, ನಮ್ಮ ಮಕ್ಕಳು ಒಂದು ದಿನಕ್ಕೆ ನಿಮ್ಮ ಜಾತಿ ಮಗರರಾಗ್ತಾರಂತೆ, ಹೆಡ್‌ಸರ್ ಜಾತಿ ಬಾಹುನರಾಗ್ತಾರಂತೆ! ನನಗೂ ಒಂದು ಚೀಟಿ ಕೊಡ್ಸಿ. ಹೆಡ್‌ಸರ್ ಮನೇಲಿ ಒಳಗೆ ಕೂತು ಒಂದು ಹೊತ್ತು ಊಟ ಮಾಡ್ಕೊಂಡು ಬರ್ತೀನಿ.”

ನಾನು ಕೇಳಿದೆ, “ಅವರವರ ಹೆಸರಲ್ಲೇ ಕರೆದ್ರೆ ಕಳಿಸ್ತೀರಾ, ದಾಜು?”

ತಿದಿ ನಿಂತಿತು. “ಗುರುವಾರಾನಾ?”

“ಗುರುವಾರ.”

“ಶುಕ್ರವಾರ?”

“ಶುಕ್ರವಾರಾನೂ.”

ಅವನು ಇಕ್ಕಳ ಕೆಳಗಿಟ್ಟ. “ನೀವು ಖೇತಾಲಾ ಮಿಸ್. ನಿಮ್ಮ ಮಾತು ಎಷ್ಟು ದಿನ ನಡೆಯುತ್ತೆ?”

“ಹದಿನೇಳು ದಿನ ಇದೆ” ಎಂದೆ.

ಡಬ್ಬಗಳ ಜಾಗ ಬದಲಿಸಬೇಡ ಎಂದಿರಿ, ಗುರುಮಾ. ಒಂದು ಡಬ್ಬದಲ್ಲಿ ನನ್ನ ಮಗಳಿದ್ದಾಳೆ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ಗುರುವಾರ ಕಳೆದಿರುತ್ತದೆ. ಬೇಕೆಂದೇ ಇವತ್ತು ಹಾಕುತ್ತಿದ್ದೇನೆ. ನೀವು ಬೇಡ ಎನ್ನುವುದು ನನಗೆ ತಲುಪಬಾರದು.

ರೂಪ್‌ಸರಾ


ಕಾಫಲ್‌ಬೋಟ್
ಜೇಠ್ 26, 2052

ಗುರುಮಾ,

ನಿನ್ನೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬೇರೆಯವರಿಂದ ಬೇರೆ ಥರ ಕೇಳುತ್ತೀರಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ನೀವು ಕೊಟ್ಟ ಕೆಂಪು ಪೆನ್ನಿನಿಂದ ಏಳು ಹೆಸರುಗಳ ಮೇಲೆ ಗೆರೆ ಎಳೆದೆ. ಆರರ ಮುಂದೆ ‘ಊರು ಬಿಟ್ಟರು’ ಎಂದು ಬರೆದೆ. ಹದಿನಾಲ್ಕರ ಮುಂದೆ ‘ತೀರಿಕೊಂಡಳು, ಭದೌ 19, 2051’ ಎಂದು ಬರೆದೆ. ಕೊನೆಯಲ್ಲಿ ಮೂವತ್ತೆರಡರಿಂದ ಮೂವತ್ತೆಂಟರವರೆಗೆ ಏಳು ಹೊಸ ಹೆಸರನ್ನು ಕಮ್ಮಾರರ ಕುಲದ ‘ಬಿ.ಕ.’ ಸೇರಿಸಿಯೇ ಬರೆದೆ. ಕಾಲಿಯನ್ನು ಹದಿನಾಲ್ಕಕ್ಕೆ ಹಾಕಲಿಲ್ಲ. ಅವಳದು ಮೂವತ್ತೆರಡು.

ನಿರೀಕ್ಷಕರು ಹನ್ನೊಂದಕ್ಕೆ ಬಂದರು. ಹತ್ತಿ ಬಂದು ಅವರ ಕಾಲು ಬೊಬ್ಬೆಯೆದ್ದಿತ್ತು. ಬೂಟು ಬಿಚ್ಚಿ ಕೂತು, ಮಜ್ಜಿಗೆ ಕುಡಿದು ಪುಸ್ತಕ ತೆರೆದರು. ಹೆಡ್‌ಸರ್ ಕೆಂಪು ಗೆರೆಗಳನ್ನು ನೋಡಿದ್ದು ಆಗಲೇ.

“ಇದನ್ನ ಯಾರು ಹೊಡೆದಿದ್ದು?” ಎಂದು ನಿರೀಕ್ಷಕರು ಕೇಳಿದರು.

“ನಾನು ಸರ್.”

“ನೀವು ಬದಲಿ ಅಲ್ವಾ? ಬದಲಿಯವರಿಗೆ ಹೆಸರು ಹೊಡೆಯೋ ಅಧಿಕಾರ ಇಲ್ಲ.”

“ಸತ್ತವರಿಗೆ ಹಾಜರಿ ಹಾಕೋ ಅಧಿಕಾರ ಇದೆಯಾ ಸರ್?”

ಹೆಡ್‌ಸರ್ ನಡುವೆ ಬಂದರು. ದನಿಯಲ್ಲಿ ಎಷ್ಟು ಕರುಣೆ! “ತಪ್ಪು ತಿಳೀಬೇಡಿ ಸರ್. ಪಾಪ, ಆಕೆಗೆ ಮನಸ್ಸು ಸ್ಥಿಮಿತದಲ್ಲಿಲ್ಲ. ಹೋದ ಭದೌನಲ್ಲಿ ಮಗಳು ತೀರಿಕೊಂಡಾಗಿನಿಂದ ಹೀಗೇ...”

ಒಂಬತ್ತು ತಿಂಗಳಲ್ಲಿ ಆ ಶಾಲೆಯ ಒಳಗೆ ಯಾರೂ ಆ ಮಾತನ್ನು ಗಟ್ಟಿಯಾಗಿ ಹೇಳಿರಲಿಲ್ಲ.

“ನಿರೀಕ್ಷಕ ಸರ್,” ಎಂದೆ, “ಹೆಡ್‌ಸರ್ ಈಗ ಹೇಳಿದ್ದನ್ನ ಬರ್ಕೊಳ್ಳಿ. ಅವಳ ಹೆಸರು ತಿಲ್‌ಕುಮಾರಿ ಆಲೆ. ಹದಿನಾಲ್ಕು. ಇದೇ ಹೆಡ್‌ಸರ್ ಫಾಗುನ್‌ನಲ್ಲಿ ಅವಳನ್ನ ಪಾಸ್ ಮಾಡಿದ್ದಾರೆ.”

ನಿರೀಕ್ಷಕರು ಏನೂ ಬರೆದುಕೊಳ್ಳಲಿಲ್ಲ. ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ಸರಿ, ಹೆಸರು ಕರೀರಿ” ಎಂದರು.

ಕರೆದೆ. ಹದಿಮೂರಾದ ಮೇಲೆ ಹದಿನೈದು. ದನಿ ಎಲ್ಲೂ ನಿಲ್ಲಲಿಲ್ಲ. ಮೂವತ್ತೆರಡಕ್ಕೆ ಬಂದಾಗ ಬಾಗಿಲ ಬಳಿಯ ಚಾಪೆಯಿಂದ ಅವಳು ಎದ್ದಳು. ಎರಡು ದಿನದ ಅಭ್ಯಾಸ.

“ಕಾಲಿ ಬಿ.ಕ., ಹಾಜಿರ್ ಮಿಸ್!” ಆಮೇಲೆ ತಾನೇ ಸೇರಿಸಿದಳು, “ಇದು ನಂದೇ.”

ಏಳು ಜನರೂ ಎದ್ದರು. ನಿರೀಕ್ಷಕರು ತಲೆ ಎಣಿಸಿದರು. ಮೂವತ್ತೊಂದು. “ಇವರು ನಿಮ್ಮ ಶಾಲೆಯವರೇನಾ?” ಎಂದು ಹೆಡ್‌ಸರ್ ಅವರನ್ನು ಕೇಳಿದರು. ಅಲ್ಲ ಎಂದರೆ ಇಪ್ಪತ್ತನಾಲ್ಕು ಉಳಿಯುತ್ತಿತ್ತು. ಹೆಡ್‌ಸರ್ ಟೋಪಿ ತೆಗೆದು ತಲೆ ಒರೆಸಿಕೊಂಡರು. “ನಮ್ಮವರೇ ಸರ್.”

“ಹಾಗಾದ್ರೆ ಬಾಗಿಲಿಗೆ ಅಡ್ಡ ಯಾಕೆ ಕೂರ್ಸಿದ್ದೀರಿ? ಗಾಳೀನೇ ಬರ್ತಿಲ್ಲ. ಒಳಗೆ ಕೂರ್ಸಿ.”

ಅವರಿಗೆ ಸೆಕೆಯಾಗಿತ್ತು, ಅಷ್ಟೆ. ಆದರೆ ಮಕ್ಕಳು ಎದ್ದು ಒಳಗೆ ಬಂದು ಬೆಂಚಿನ ಮೇಲೆ ಕೂತರು. ನಿರೀಕ್ಷಕರು ಪುಸ್ತಕದ ಕೆಳಗೆ ಸಹಿ ಮಾಡಿ ಬೂಟು ಕೈಯಲ್ಲಿ ಹಿಡಿದು ಇಳಿದು ಹೋದರು.

ಇವತ್ತು ಬೆಳಿಗ್ಗೆ ಹೆಡ್‌ಸರ್ ಪುಸ್ತಕ ಕಿತ್ತುಕೊಂಡರು. “ಖೇತಾಲಾ ಬಂದು ಹೊಲದ ಬದು ಬದಲಿಸಿದ್ರೆ ಯಜಮಾನ ಸುಮ್ನಿರ್ತಾನಾ? ನಾಳೆಯಿಂದ ಬರ್ಬೇಡಿ” ಎಂದರು. ನಿಮಗೂ ದೂರು ಬರೆಯುತ್ತಾರಂತೆ. ಬರೆಯಲಿ. ನಿಮ್ಮ ಪ್ರಮಾಣಪತ್ರ ವಾಪಸು ಬೇಕಿದ್ದರೆ ಹೇಳಿ, ಕಳಿಸುತ್ತೇನೆ. ಪೆನ್ನು ಕೊಡುವುದಿಲ್ಲ.

ರೂಪ್‌ಸರಾ


ತಾನ್ಸೇನ್
ಅಸಾರ್ 14, 2052

ರೂಪ್‌ಸರಾ ಅವರಿಗೆ,

ನಿಮ್ಮ ಎರಡು ಕಾಗದಗಳೂ ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ಎರಡನೆಯದನ್ನು ಎರಡು ದಿನ ಒಡೆಯಲಿಲ್ಲ. ಆಮೇಲೆ ಉತ್ತರ ಬರೆಯಲು ಕೂತಾಗಲೆಲ್ಲ ನಾನು ನಿಮಗೆ ಬರೆದದ್ದೇ ಕಣ್ಣೆದುರು ಬಂತು. ಪೋಕರಿ ಇರಬೇಕು ಎಂದಿದ್ದೆ. ನೀರು ಕುಡಿ ಎಂದಿದ್ದೆ. ಅದಕ್ಕೆ ಇಷ್ಟು ದಿನವಾಯಿತು.

ಹನ್ನೊಂದು ಹುದ್ದೆ ಉಳಿಸಿದೆ ಎಂದು ಬರೆದಿದ್ದೆ. ಅದನ್ನು ಈಗಲೂ ತಪ್ಪು ಎನ್ನುವುದಿಲ್ಲ, ಎನ್ನಲು ನನ್ನಿಂದಾಗುವುದಿಲ್ಲ. ಆದರೆ ಆ ಪುಸ್ತಕಗಳಲ್ಲಿ ಎಷ್ಟು ತಾಯಂದಿರ ಹದಿನಾಲ್ಕನೇ ಹೆಸರಿತ್ತು ಎಂದು ನಾನು ಕೇಳಿರಲಿಲ್ಲ. ಪ್ರತಿ ಊರಿನಲ್ಲೂ ಕೆಳಗೊಂದು ಕೇರಿ ಇತ್ತು. ಅಲ್ಲಿಗೆ ಇಳಿದೂ ನೋಡಲಿಲ್ಲ. ಮೊಣಕಾಲು ಆಗ ಚೆನ್ನಾಗಿಯೇ ಇತ್ತು.

ಟೀಕಾರಾಮ್‌ರ ದೂರು ಬಂದಿದೆ. ನಾಲ್ಕು ಪುಟ. ದಿನಾ ಅದರ ಮೇಲೆ ಚಹಾ ಲೋಟ ಇಡುತ್ತಿದ್ದೇನೆ. ಇನ್ನು ಸ್ವಲ್ಪ ದಿನದಲ್ಲಿ ಓದಲು ಬರುವುದಿಲ್ಲ.

ಬರುವ ಸಾವುನ್ ಒಂದನೇ ತಾರೀಕಿನಿಂದ ಹೊಸ ತರಬೇತಿ. ಹದಿನಾರು ಹೆಂಗಸರು. ಮೊದಲ ದಿನ ಹಾಜರಿ ಕರೆಯುವ ಪಾಠ. ಅದನ್ನು ನಾನು ಇಪ್ಪತ್ತು ವರ್ಷ ಒಂದೇ ರೀತಿ ಮಾಡಿದ್ದೇನೆ. ಈ ಸಲ ನನ್ನಿಂದಾಗದು. ನೀವು ಬಂದು ಮಾಡುತ್ತೀರಾ?

ಹೀರಾಶೋಭಾ ಶಾಕ್ಯ


ಕಾಫಲ್‌ಬೋಟ್
ಅಸಾರ್ 22, 2052

ಗುರುಮಾ,

ನಮಸ್ಕಾರ. ಇಲ್ಲಿ ನಾನು ಆರಾಮ ಎಂದು ಬರೆಯಲಾರೆ. ಆದರೆ ಕೆಲಸ ಮಾಡಿಕೊಂಡಿದ್ದೇನೆ. ನನಗೆ ‘ನೀವು’ ಎಂದು ಬರೆದಿದ್ದೀರಿ. ಬೇಡ. ಬೈಯುವಾಗ ‘ನೀನು’ ಎಂದವರು ಕರೆಯುವಾಗಲೂ ಹಾಗೇ ಕರೆಯಿರಿ.

ಏಳು ಮಕ್ಕಳಲ್ಲಿ ಐವರು ದಿನಾ ಶಾಲೆಗೆ ಹೋಗುತ್ತಿದ್ದಾರೆ. ಇಬ್ಬರನ್ನು ನಾಟಿ ಕೆಲಸಕ್ಕೆ ಹಚ್ಚಿದ್ದಾರೆ. ಬರುವ ಐವರನ್ನು ಹೆಡ್‌ಸರ್ ಮತ್ತೆ ಜಗಲಿಗೆ ಹಾಕಲು ನೋಡಿದರು. ಆಗಿನಿಂದ ರಣೆ ದಾಜು ಬೆಳಿಗ್ಗೆ ಹೊತ್ತು ಜಗಲಿಯ ಮೇಲೆ ಕೂತು ಊರವರ ಕುಡುಗೋಲುಗಳನ್ನು ಮಸೆಯುತ್ತಾನೆ. “ಇಲ್ಯಾಕಪ್ಪಾ ಕೂತೆ?” ಎಂದರೆ, “ನೆರಳು ಚೆನ್ನಾಗಿದೆ ಸರ್, ನೀವು ಪಾಠ ಮಾಡಿ” ಎನ್ನುತ್ತಾನೆ. ಮಕ್ಕಳು ಒಳಗೇ ಇದ್ದಾರೆ. ಮಧ್ಯಾಹ್ನ ಕಾಲಿ ನಮ್ಮ ಮನೆಗೆ ಬಂದು ಮೂವತ್ತು ಕಲ್ಲುಗಳಿಂದ ಲೆಕ್ಕ ಮಾಡುತ್ತಾಳೆ. ಲೆಕ್ಕದಲ್ಲಿ ಚುರುಕಿಲ್ಲ. ಪರವಾಗಿಲ್ಲ, ಅವಳಿಗೆ ಬಂದಷ್ಟು ಅಂಕ ಅವಳಿಗೆ.

ಬಿಂದಾ ಮಿಸ್ ಕೆಲಸಕ್ಕೆ ಬಂದಿದ್ದಾರೆ. ದಾರಿಯಲ್ಲಿ ಸಿಕ್ಕರು, ಬೆನ್ನಿಗೆ ಮಗು ಕಟ್ಟಿಕೊಂಡಿದ್ದರು. ತಾವೇ ನಿಂತರು. “ಹೆಡ್‌ಸರ್ ಅಂಕ ಹಾಕಿ ಅಂದ್ರು, ಹಾಕ್ದೆ. ಗಣಿತಕ್ಕೆ ನಲವತ್ತೊಂದೇ ಯಾಕೆ ಹಾಕ್ದೆ ಅಂತ ನನಗೇ ಗೊತ್ತಿಲ್ಲ ಬಹಿನಿ.”

“ಅವಳಿಗೆ ಎಂಬತ್ತು ಬರ್ತಿತ್ತು” ಎಂದೆ.

“ಬರ್ತಿತ್ತು” ಎಂದರು.

ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ತರಬೇತಿಗೆ ಬರುತ್ತೇನೆ. ನನ್ನ ಪಾಠ ಒಂದೇ. ಇನ್ನೊಬ್ಬರ ತರಗತಿಗೆ ಹೋಗುವವಳು ಮೊದಲ ದಿನ ಪುಸ್ತಕ ತೆರೆಯಬಾರದು. ಮಕ್ಕಳನ್ನೇ ಕೇಳಬೇಕು, ನಿಮ್ಮಲ್ಲಿ ಯಾರಿದ್ದೀರಿ, ಯಾರಿಲ್ಲ, ಯಾರನ್ನು ಕರೆದೇ ಇಲ್ಲ ಎಂದು. ಆಮೇಲೆ ಪುಸ್ತಕ. ಹುದ್ದೆ ಹೋದರೆ ಎಂದು ಯಾರಾದರೂ ಕೇಳಿದರೆ ಅದಕ್ಕೆ ನೀವು ಉತ್ತರ ಹೇಳಿ. ನನ್ನ ಬಳಿ ಇಲ್ಲ. ಕೆಳಗಿನ ಕೇರಿಗೆ ಇಳಿದು ಹೋಗಿ ಎಂದು ಮಾತ್ರ ಹೇಳುತ್ತೇನೆ.

ಮತ್ತೆ, ಪರಿಚಯದ ಹೊತ್ತಿಗೆ ನೀವು ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತೀರಲ್ಲ, ಅದನ್ನು ಹದಿನಾರು ಜನರ ಎದುರು ಮೊದಲು ನನಗೇ ಕೇಳಿ. ಮಕ್ಕಳೆಷ್ಟು ಎಂದು. ಹೋದ ಸಲ ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದುಕೊಂಡಿದ್ದಿರಿ. ಅದನ್ನು ಹೊಡೆದು ‘ಒಂದು’ ಎಂದು ಬರೆಯಬೇಕು.

ಕೆಂಪು ಪೆನ್ನು ನಾನೇ ತರುತ್ತೇನೆ.

ರೂಪ್‌ಸರಾ